ಮಾವನ ಜೊತೆ ಪಾರ್ಕು ಪಾರ್ಕು

ಬೆಂಗಳೂರಿನ ಪಾರ್ಕು ಅಂದ ಕೂಡಲೇ ಎಲ್ಲರೂ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎಂದು ಎರಡು ಹೆಸರು ಹೇಳಿ ಮುಗಿಸುತ್ತಾರೆ. ಈ ಊರಿನಲ್ಲಿ ಪಾಲಿಕೆಯ ಲೆಕ್ಕದಲ್ಲಿರುವ ಪಾರ್ಕುಗಳೇ ಸಾವಿರಕ್ಕೂ ಹೆಚ್ಚು. ಬಡಾವಣೆಯ ರಸ್ತೆಗಳ ನಡುವೆ ಉಳಿದ ತುಂಡು ಜಾಗ, ಒಂದು ಕಬ್ಬಿಣದ ಗೇಟು, ಸುತ್ತ ನಡೆಯೋಕೆ ಕಲ್ಲುಹಾಸು, ಎಲ್ಲೋ ಮೂಲೆಯಲ್ಲಿ ಒಬ್ಬ ಮಹನೀಯರ ಎದೆಮಟ್ಟದ ಪ್ರತಿಮೆ. ಮಾರ್ಚ್ ಮೊದಲ ವಾರ ನಾನು ನೋಡಲು ಹೊರಟದ್ದು ಇಂಥವನ್ನೇ. ಜೊತೆಗೆ ನನ್ನ ಸೋದರಮಾವ. ತಿಪಟೂರು ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಭಾನುವಾರದ ಮದುವೆಗೆ ಬಂದಿದ್ದರು. ವಾಪಸು ಹೊರಡುವ ಟಿಕೆಟ್ಟು ಶನಿವಾರಕ್ಕೆ. ಮನೆಯಲ್ಲಿ ಕೂತರೆ ಟಿ.ವಿ. ಜೊತೆ ಜಗಳ ಆಡುತ್ತಾರೆ. ನನಗೂ ಮಾರ್ಚ್ ಮುಗಿಯುವುದರೊಳಗೆ ಖರ್ಚು ಮಾಡಬೇಕಾದ ರಜೆ ಇತ್ತು.

ಹೊರಡುವ ಮುಂಚೆ ಮಾವ ಒಂದು ಷರತ್ತು ಹಾಕಿದರು. "ದೂರ ನಿಲ್ಲಿಸಿ ತೋರಿಸಬೇಡ ಕಣಮ್ಮ. ಮುಟ್ಟದೇ ಶಿಲ್ಪ ನೋಡೋದು, ಮೂಸದೇ ಮಾವಿನಹಣ್ಣು ಕೊಂಡ ಹಾಗೆ." ವಾರವಿಡೀ ನಾವು ಆಡಿದ ಜಗಳಕ್ಕೆಲ್ಲ ಇದೇ ಮೂಲ.

ಸೋಮವಾರ: ಬಸವನಗುಡಿ

ಬೆಳಗ್ಗೆ ಆರೂವರೆಗೆ ಬ್ಯೂಗಲ್ ರಾಕ್ ತಲುಪಿದಾಗ ಮರಗಳ ತುಂಬ ಬಾವಲಿಗಳ ಕಿಚಕಿಚ ಇನ್ನೂ ನಿಂತಿರಲಿಲ್ಲ. ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಈ ಬಂಡೆಯ ಮೇಲೆ ನಿಂತು ಹಿಂದೆ ಕಾವಲಿನವರು ಸಂಜೆ ಹೊತ್ತು ಕಹಳೆ ಊದುತ್ತಿದ್ದರಂತೆ, ಕಹಳೆ ಬಂಡೆ ಅನ್ನುವ ಹೆಸರೂ ಹಾಗೇ ಬಂದದ್ದಂತೆ. ಮಾವನಿಗೆ ಕಹಳೆ ಬೇಕಿರಲಿಲ್ಲ. ಚಪ್ಪಲಿ ಬಿಟ್ಟು ನೇರ ಬಂಡೆ ಹತ್ತಿದರು, ಬಗ್ಗಿ ಅಂಗೈಯಿಟ್ಟರು.

"ಇಲ್ಲಿ ನೋಡು, ಬಿಳಿ ಪಟ್ಟೆ, ಪಕ್ಕದಲ್ಲೇ ಕಪ್ಪು ಪಟ್ಟೆ. ಹಿಂಗೆ ಬಾಗಿ ಹೋಗಿದೆ. ಕಲ್ಲು ಬಿಸಿಗೆ ಮೆತ್ತಗಾಗಿ ಮಡಿಚಿಕೊಂಡಿರೋ ಗುರುತು."

ಅವರು ಹೇಳಿದ್ದು ಸರಿ. ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎನ್ನುವ ಬಳಗದ ಕಲ್ಲು ಇದು, ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆಯೂ ಇದೇ ಬಳಗದ್ದು. ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅನ್ನುವ ಪಟ್ಟ, ಫಲಕ ಎಲ್ಲ ಇದೆ. ಇಲ್ಲಿನ ಬಂಡೆಯ ಮೇಲೆ ಒಬ್ಬರು ಕೂತು ಪೇಪರ್ ಓದುತ್ತಿದ್ದರು, ಇಬ್ಬರು ಹುಡುಗರು ಪರೀಕ್ಷೆಗೆ ಉರು ಹೊಡೆಯುತ್ತಿದ್ದರು, ಒಂದು ನಾಯಿ ಬಿಸಿಲು ಬೀಳುವ ಜಾಗ ಹುಡುಕಿ ಮಲಗಿತ್ತು. ಯಾರಿಗೂ ಬೇಲಿ ಇಲ್ಲ. ಮಾವನ ಷರತ್ತಿಗೆ ಮೊದಲ ದಿನವೇ ನೂರಕ್ಕೆ ನೂರು.

ಆದರೆ ಇದು ಶಿಲ್ಪ ಅಲ್ಲವಲ್ಲ ಎಂದೆ. "ಯಾರೂ ಕೆತ್ತಿಲ್ಲ ಅಂತಲಾ?" ಎಂದು ಕೇಳಿ ಮುಂದೆ ನಡೆದರು.

ಪಾರ್ಕಿನ ಪಡುವಲ ತುದಿಯಲ್ಲಿ ಡಿ.ವಿ.ಜಿ. ಪ್ರತಿಮೆ ಇದೆ. ಅದು ಅಲ್ಲಿರುವುದಕ್ಕೆ ಅರ್ಥವಿದೆ. ಅವರು ಬದುಕಿ ಓಡಾಡಿದ ಸೀಮೆ ಇದೇ. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೇ ರಸ್ತೆಯಲ್ಲಿ ಕೆಳಗಡೆ ಇದೆ, ಗಾಂಧಿ ಬಜಾರಿನ ಒಂದು ರಸ್ತೆಗೂ ಅವರದೇ ಹೆಸರು. ಮಾಸ್ತಿಯವರ ಮನೆ ಇದ್ದದ್ದೂ ಅತ್ತ ಗವಿಪುರದಲ್ಲಿ. ನಗರದ ಎಷ್ಟೋ ಪ್ರತಿಮೆಗಳು ಆ ಜಾಗಕ್ಕೂ ತಮಗೂ ಏನು ಸಂಬಂಧ ಅಂತ ಗೊತ್ತಿಲ್ಲದೇ ನಿಂತಿರುತ್ತವೆ. ಇದು ಹಾಗಲ್ಲ.

ನೀರಿನ ಟ್ಯಾಂಕೊಂದರ ಹೊರಮೈಯನ್ನು ಗುಡಿಯ ಹಾಗೆ ಮಾಡಿ ಕನ್ನಡ ಸಾಹಿತಿಗಳ ಉಬ್ಬುಶಿಲ್ಪ ಕೂರಿಸಿದ್ದಾರೆ. ಟ್ಯಾಂಕು ಟ್ಯಾಂಕಿನ ಹಾಗೆ ಕಾಣಬಾರದು ಅಂತ ಯಾರಿಗೋ ಹೊಳೆದದ್ದೇ ದೊಡ್ಡದು. ಮಾವ ಇಲ್ಲಿ ಬಹಳ ಹೊತ್ತು ನಿಂತರು. ಉಬ್ಬುಶಿಲ್ಪದಲ್ಲಿ ಮುಖ ಮಾಡೋದು ದುಂಡು ಶಿಲ್ಪಕ್ಕಿಂತ ಕಷ್ಟವಂತೆ. ಮೂಗಿಗೆ ಜಾಗ ಇರೋದು ಒಂದೆರಡು ಬೆರಳಿನಷ್ಟು, ಅಷ್ಟರಲ್ಲೇ ಉದ್ದ ಮೂಗು, ಮೊಂಡು ಮೂಗು ಎರಡೂ ತಿಳಿಯಬೇಕು. ಕನ್ನಡಕ, ಪೇಟ ಇದ್ದವರು ಶಿಲ್ಪಿಗೆ ಪುಣ್ಯಾತ್ಮರು, ಬೇಗ ಗುರುತು ಸಿಗುತ್ತಾರೆ. "ಇಂಥವಕ್ಕೆ ಸುಮ್ಮಸುಮ್ಮನೆ ಪೇಂಟ್ ಹೊಡೆಸಬಾರದು. ಒಂದೊಂದು ಕೋಟು ಬಿದ್ದಾಗಲೂ ಒಂದೊಂದು ಗೆರೆ ಮುಚ್ಚಿ ಹೋಗ್ತದೆ. ಹತ್ತು ವರ್ಷಕ್ಕೆ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಕಾಣ್ತಾರೆ."

ಗಾಂಧಿ ಬಜಾರಿನಲ್ಲಿ ದೋಸೆ ತಿಂದು ಎಂ.ಎನ್. ಕೃಷ್ಣರಾವ್ ಪಾರ್ಕಿಗೆ ಬಂದೆವು. ಮೈಸೂರು ಸಂಸ್ಥಾನದ ಹಂಗಾಮಿ ದಿವಾನರಾಗಿದ್ದವರ ದೇಣಿಗೆಯಿಂದ ಆದ ಪಾರ್ಕು, ಹಾಗಾಗಿ ಅವರದೇ ಹೆಸರು. ಇಲ್ಲಿ ಕಲೆಗಿಂತ ಜನ ಚೆನ್ನ. ವಾಕಿಂಗ್ ಮಾಡುವವರೆಲ್ಲ ಒಂದೇ ದಿಕ್ಕಿಗೆ ಸುತ್ತುತ್ತಿದ್ದರು. ಮಾವ ಗೊತ್ತಿಲ್ಲದೇ ಅಪ್ರದಕ್ಷಿಣೆ ಹೊರಟರು. ಎದುರು ಬಂದವರಲ್ಲಿ ಮೂರನೆಯವರು ತಡೆದು, "ಸಾರ್, ಈ ಕಡೆಯಿಂದ" ಎಂದು ಕೈ ತೋರಿಸಿದರು. ಎಲ್ಲೂ ಬೋರ್ಡಿಲ್ಲ. ಆದರೂ ಕಾನೂನು ಇದೆ.

ಮಂಗಳವಾರ: ಜಯನಗರ

ಮಾಧವನ್ ಪಾರ್ಕಿನಿಂದ ಅಶೋಕ ಪಿಲ್ಲರ್‌ಗೆ ನಡೆದೆವು. 1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದ ನೆನಪಿನ ಕಂಬ ಅದು. ತುದಿಯಲ್ಲಿ ಸಾರನಾಥದ ಮಾದರಿಯ ಸಿಂಹಗಳು. ಸ್ವಾತಂತ್ರ್ಯ ಬಂದು ವರ್ಷ ಕಳೆದಿತ್ತಷ್ಟೇ. ಹೊಸ ಬಡಾವಣೆಗೆ ರಾಜರ ಪ್ರತಿಮೆ ಬಿಟ್ಟು ಅಶೋಕನ ಸಿಂಹಗಳನ್ನು ಆರಿಸಿದ್ದು ಆ ಹೊತ್ತಿನ ಹುರುಪು.

ಈಗ ಅದರ ಹತ್ತಿರ ಹೋಗುವುದು ಹೇಗೆ? ಎಲ್ಲ ಕಡೆಯಿಂದಲೂ ಗಾಡಿಗಳು. ಎರಡು ಸಲ ಕಾಲಿಟ್ಟು ಎರಡು ಸಲವೂ ಹಿಂದೆಗೆದೆವು. ಫುಟ್‌ಪಾತಿನಿಂದಲೇ ಮಾವ ಕಣ್ಣು ಕಿರಿದು ಮಾಡಿ ನೋಡಿದರು. ನಮ್ಮ ಪಕ್ಕದಲ್ಲೇ ಒಬ್ಬಾಕೆ ಫೋನಿನಲ್ಲಿ, "ಅಶೋಕ ಪಿಲ್ಲರ್ ಹತ್ರ ಇದೀನಿ, ನೀನೆಲ್ಲಿದೀಯ?" ಎಂದು ಕೇಳುತ್ತಿದ್ದಳು. ಕಂಬಕ್ಕೆ ಬೆನ್ನು ಹಾಕಿ ನಿಂತಿದ್ದಳು.

"ಇದು ವಿಳಾಸ ಆಗಿಬಿಟ್ಟಿದೆ ಕಣಮ್ಮ" ಎಂದರು ಮಾವ. ನನಗದು ಕಡಿಮೆ ಅನಿಸಲಿಲ್ಲ. ಆಟೋದವರು, ಕೊರಿಯರ್ ಹುಡುಗರು, ಬಸ್ ಕಂಡಕ್ಟರುಗಳು ದಿನಕ್ಕೆ ಎಷ್ಟು ಸಲ ಈ ಕಂಬದ ಹೆಸರು ಹೇಳುತ್ತಾರೋ. ಮ್ಯೂಸಿಯಮ್ಮಿನ ಯಾವ ಶಿಲ್ಪಕ್ಕಿದೆ ಈ ಭಾಗ್ಯ? ಮಾವ ಒಪ್ಪಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲಕ್ಷ್ಮಣರಾವ್ ಪಾರ್ಕು. ರಸ್ತೆಯ ಉದ್ದಕ್ಕೂ ಪಟ್ಟಿಯ ಹಾಗೆ ಸಾಗುವ ಹಸಿರು. 2009ರಲ್ಲಿ ಮೆಟ್ರೋಗಾಗಿ ಇಲ್ಲಿನ ಮರಗಳಿಗೆ ಕೊಡಲಿ ಬಿದ್ದಾಗ ಸುತ್ತಲಿನವರು ಬೀದಿಗಿಳಿದಿದ್ದರು. ಆಗ ನಾನು ಕಾಲೇಜಿನಲ್ಲಿದ್ದೆ, ಒಂದು ಸಂಜೆ ಫಲಕ ಹಿಡಿದು ನಿಂತಿದ್ದೆ. ಈಗ ಅದೇ ಹಸಿರು ಮಾರ್ಗದ ರೈಲು ಹತ್ತಿ ಇಲ್ಲಿಗೆ ಬರುತ್ತೇನೆ. ಇದರಲ್ಲಿ ನನಗೇನೂ ವಿರೋಧ ಕಾಣುವುದಿಲ್ಲ, ಹೇಳುವವರು ಹೇಳಲಿ. ಉಳಿದ ಮರಗಳ ಕೆಳಗೆ ಇನ್ನೂ ನೆರಳಿದೆ. ಕಲ್ಲುಬೆಂಚಿನ ಮೇಲೆ ಮಾವ ಅರ್ಧ ಗಂಟೆ ಒಳ್ಳೆಯ ನಿದ್ದೆ ಮಾಡಿದರು.

ಬುಧವಾರ: ನಮ್ಮದೇ ಬಡಾವಣೆ

ದೂರ ಎಲ್ಲಿಗೂ ಹೋಗಲಿಲ್ಲ. ಮನೆಯ ಹಿಂದಿನ ರಸ್ತೆಯ ಪಾರ್ಕಿಗೆ ಹೋದೆವು. ಹನ್ನೊಂದು ಗಂಟೆಗೆ ಗೇಟಿಗೆ ಬೀಗ. ಪಾರ್ಕುಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ 2024ರಲ್ಲೇ ಆದೇಶ ಬಂದಿದೆ. ಆ ಸುದ್ದಿ ನಮ್ಮ ಬೀಗಕ್ಕೆ ತಲುಪಿಲ್ಲ. ಮಧ್ಯಾಹ್ನ ಪಾರ್ಕು ಬೇಕಾಗುವುದು ಸೆಕ್ಯೂರಿಟಿಯವರಿಗೆ, ಡೆಲಿವರಿ ಹುಡುಗರಿಗೆ, ಮನೆಗೆಲಸದ ಹೆಂಗಸರಿಗೆ. ವಾಕಿಂಗ್ ಮಾಡುವ ನಮ್ಮಂಥವರ ಹೊತ್ತಿಗೆ ಮಾತ್ರ ಗೇಟು ಸರಿಯಾಗಿ ತೆರೆದಿರುತ್ತದೆ. ನಾಲ್ಕು ಗಂಟೆಗೆ ಮತ್ತೆ ಹೋದೆವು.

ಒಳಗೆ ಹೋದರೆ ಮೊದಲು ಸಿಗುವುದು ನಿಷೇಧದ ಬೋರ್ಡು. ಹೂ ಕೀಳಬಾರದು, ನಾಯಿ ತರಬಾರದು, ಕ್ರಿಕೆಟ್ ಆಡಬಾರದು, ಹುಲ್ಲಿನ ಮೇಲೆ ಮಲಗಬಾರದು, ತಿಂಡಿ ತಿನ್ನಬಾರದು. ಮಾವ ಪೂರ್ತಿ ಓದಿ, "ಉಸಿರಾಡಬಹುದಾ?" ಎಂದು ಮಾಲಿಯನ್ನು ಕೇಳಿದರು. ಅವನು ನಗಲಿಲ್ಲ.

ಈ ಪಾರ್ಕಿನಲ್ಲಿ ಪ್ರತಿಮೆ ಇಲ್ಲ ಎಂದೇ ನಾನು ತಿಳಿದಿದ್ದೆ. ಮಾವ ಹುಡುಕಿಕೊಟ್ಟರು. ಜಾರುಬಂಡೆಯ ಪಕ್ಕ ಬಾಯಿ ತೆರೆದು ನಿಂತ ಪೆಂಗ್ವಿನ್ ಕಸದ ಡಬ್ಬಿ. ಹೊಟ್ಟೆಯ ಮೇಲೆ ಕೆಂಪಕ್ಷರದಲ್ಲಿ 'ಯೂಸ್ ಮಿ'. ಈ ಪೆಂಗ್ವಿನ್, ಅದರ ಅಣ್ಣ ಕಾಂಗರೂ, ಕೆಲವೆಡೆ ಮೊಲ. ದೇಶದ ಯಾವ ಊರಿನ ಪಾರ್ಕಿಗೆ ಹೋದರೂ ಇದೇ ಸಂಸಾರ. ನಮ್ಮದು ಈಗಿನ ಫೈಬರ್ ಮಾಲಲ್ಲ, ಹಳೇ ಸಿಮೆಂಟಿನದು. ಮೇಲಿನ ಕೊಕ್ಕು ಮುರಿದು ಒಳಗಿನ ಕಂಬಿ ತುಕ್ಕು ಹಿಡಿದು ಇಣುಕುತ್ತಿತ್ತು. ಮಾವ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಿಡಿಸಿ ಹೇಳಿದರು. ಮೊದಲು ಕಂಬಿ ಬಗ್ಗಿಸಿ ಗೂಡು ಕಟ್ಟೋದು, ಮೇಲೆ ಕೋಳಿ ಜಾಲರಿ ಸುತ್ತೋದು, ಗಟ್ಟಿ ಗಾರೆ ಒಂದು ಸುತ್ತು, ಆರುವ ಮುಂಚೆ ಗೀರು ಎಳೆಯೋದು, ಮೇಲೆ ಜರಡಿ ಹಿಡಿದ ಮರಳಿನ ಗಾರೆ. ರೆಕ್ಕೆಯ ಅಂಚನ್ನು ಕರಣೆಯ ಮೊನೆಯಲ್ಲಿ ಎಳೆದಿದ್ದಾನೆ, ಕೈ ನಡುಗಿಲ್ಲ, ಗಾರೆ ಕೆಲಸ ಚೆನ್ನಾಗಿ ಬಲ್ಲವನೇ ಮಾಡಿರೋದು ಎಂದು ತೀರ್ಪು ಕೊಟ್ಟರು.

ಆಮೇಲೆ ಅದರ ತಲೆ ತೋರಿಸಿದರು. ಮೈಯೆಲ್ಲ ಕಪ್ಪು ಬಿಳಿ ಎನಾಮಲ್ ಬಣ್ಣ ಉಳಿದಿದೆ. ನೆತ್ತಿ ಮಾತ್ರ ಬಣ್ಣ ಪೂರ್ತಿ ಹೋಗಿ, ಬರೀ ಸಿಮೆಂಟು ನುಣ್ಣಗೆ ಮಿರುಗುತ್ತಿದೆ. ಜಾರುಬಂಡೆಯ ಸರದಿಯಲ್ಲಿ ನಿಂತ ಮಕ್ಕಳು ಅದರ ತಲೆ ಹಿಡಿದು ನಿಲ್ಲುತ್ತಾರೆ. ನಾವು ನೋಡುತ್ತಿದ್ದಂತೆಯೇ ಒಬ್ಬ ಪುಟ್ಟ ಹುಡುಗಿ ಬಂದು, ನಮ್ಮನ್ನು ಅನುಮಾನದಿಂದ ನೋಡಿ, ನೆತ್ತಿ ಸವರಿ ಏಣಿ ಹತ್ತಿದಳು.

ಗುರುವಾರ: ಮೆಟ್ರೋ, ಎಂ.ಜಿ. ರಸ್ತೆ, ಹಲಸೂರು

ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ನೇರಳೆ ಮಾರ್ಗದ ನೆಲದಡಿಯ ಭಾಗ 2016ರ ಏಪ್ರಿಲ್ ಕೊನೆಯಲ್ಲಿ ಶುರುವಾದದ್ದು. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಈ ನಿಲ್ದಾಣದ ಗೋಡೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಪೀಣ್ಯ ನಿಲ್ದಾಣದಲ್ಲೂ ಅವರದೇ ಚಿತ್ರಗಳಿವೆ. ಪ್ರಯಾಣಿಕರನ್ನು ಒಂದು ಕ್ಷಣ ನಿಲ್ಲಿಸೋದು ಉದ್ದೇಶವಿರಬಹುದು. ನಿಲ್ಲೋದಕ್ಕೆ ವ್ಯವಸ್ಥೆ ಇಲ್ಲ. ಟಿಕೆಟ್ಟಿಗೂ ಹೊತ್ತಿನ ಮಿತಿ ಉಂಟು, ಸುಮ್ಮನೆ ಒಳಗೆ ಕಾಲ ಕಳೆಯುವಂತಿಲ್ಲ. ಮಾವ ಗೋಡೆಯ ಬಣ್ಣದ ಮೇಲೆ ಬೆರಳಾಡಿಸಿ, "ಪ್ಲಾಸ್ಟಿಕ್ ಎಮಲ್ಷನ್, ಒಳಗಡೆ ಆದ್ದರಿಂದ ಬಾಳಿಕೆ ಬರುತ್ತೆ" ಎಂದರು. ಚಿತ್ರದ ಬಗ್ಗೆ ಕೇಳಿದೆ. "ಹುಡುಗರಿಗೆ ಧೈರ್ಯ ಇದೆ" ಎಂದರು. ಡ್ರಾಯಿಂಗ್ ಮೇಷ್ಟ್ರ ಬಾಯಲ್ಲಿ ಇದು ಹೊಗಳಿಕೆಯೋ ಅಲ್ಲವೋ ಇವತ್ತಿಗೂ ಗೊತ್ತಾಗಿಲ್ಲ.

ಎಂ.ಜಿ. ರಸ್ತೆಯ ಹಳೆಯ ಬುಲೆವಾರ್ಡ್ ಮೆಟ್ರೋ ಕಂಬಗಳಿಗೆ ಹೋಯಿತು. ಮೆಟ್ರೋ ಮಾರ್ಗದ ಕೆಳಗಿನ ಜಾಗದಲ್ಲಿ 2013ರಲ್ಲಿ ರಂಗೋಲಿ ಕಲಾ ಕೇಂದ್ರ ಆಯಿತು. ಚಿತ್ರ ಹಾಕುವ ಗ್ಯಾಲರಿ, ಮಕ್ಕಳಿಗೆ ಆಡಲು ಜಾಗ, ಕೂರಲು ಕಟ್ಟೆ. ತಲೆಯ ಮೇಲೆ ರೈಲು ಹೋದಾಗಲೆಲ್ಲ ಮಾತು ನಿಲ್ಲಿಸಬೇಕು. ಹಾಗೇ ಮುಂದಕ್ಕೆ ಮೇಯೋ ಹಾಲ್ ಬಳಿ ಕಿಟ್ಟೆಲರ ಪ್ರತಿಮೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ನಿಘಂಟನ್ನು ಮಾವ ಶಾಲೆಯ ಲೈಬ್ರರಿಯಲ್ಲಿ ಕಂಡಿದ್ದರಂತೆ. ಕೈಗೆತ್ತಿಕೊಂಡರೆ ಮಣಿಕಟ್ಟು ನೋಯುವಷ್ಟು ಭಾರ. ಪ್ರತಿಮೆಗೆ ನಮಸ್ಕಾರ ಹಾಕಿದರು. ಹೀಗೆ ನಮಸ್ಕಾರ ಬಿದ್ದದ್ದು ಈ ವಾರದಲ್ಲಿ ಇವರೊಬ್ಬರಿಗೇ.

ಹಲಸೂರು ಕೆರೆಯ ಹತ್ತಿರ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ. ಬೆಂಗಳೂರಿನಲ್ಲಿ ಕತೆ ಇರುವ ಪ್ರತಿಮೆ ಅಂದರೆ ಇದು. 1991ರಲ್ಲೇ ನಿಂತಿತ್ತು. ಅನಾವರಣಕ್ಕೆ ವಿರೋಧ ಬಂತು, ಆ ವರ್ಷವೇ ಕಾವೇರಿ ಗಲಭೆಯೂ ಆಯಿತು. ಪ್ರತಿಮೆ ಮುಸುಕು ಹೊದ್ದು 18 ವರ್ಷ ನಿಂತಿತು. ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿಯಿಂದ ಆ ಗಂಟನ್ನು ನೋಡಿ, ಒಳಗೆ ಯಾರಿದ್ದಾರೆ ಅಂತ ಅಮ್ಮನನ್ನು ಕೇಳುತ್ತಿದ್ದೆ. ಕೊನೆಗೆ ಎರಡು ಸರ್ಕಾರಗಳು ಕೊಡು-ಕೊಳ್ಳುವ ಮಾತಾಡಿಕೊಂಡವು. 2009ರ ಆಗಸ್ಟ್ 9ರಂದು ಇಲ್ಲಿ ತಿರುವಳ್ಳುವರ್ ಮುಸುಕು ತೆರೆಯಿತು, ಆಗಸ್ಟ್ 13ರಂದು ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಅಲ್ಲಿ ಸರ್ವಜ್ಞ ನಿಂತಿರುವುದೂ ಜೀವಾ ಪಾರ್ಕ್ ಅನ್ನುವ ಒಂದು ಬಡಾವಣೆ ಪಾರ್ಕಿನಲ್ಲೇ.

"ಎರಡು ಸಾಲಿನವರು ಇಲ್ಲಿ ಬಂದರು, ಮೂರು ಸಾಲಿನವರು ಅಲ್ಲಿ ಹೋದರು. ಒಂದು ಸಾಲು ನಮಗೆ ಲುಕ್ಸಾನು" ಎಂದು ಮಾವ ಲೆಕ್ಕ ಹಾಕಿದರು. ಪಕ್ಕದಲ್ಲಿ ಕೂತಿದ್ದ ಎಳನೀರಿನವರು ತಮಿಳಿನಲ್ಲಿ ನಕ್ಕರು. ನಗುವಿಗೂ ಭಾಷೆ ಇರುತ್ತಾ ಅಂದರೆ, ನಕ್ಕ ಮೇಲೆ "ಕರೆಕ್ಟ್ ಸಾರ್, ಕರೆಕ್ಟ್" ಎಂದು ಎಳನೀರು ಕೆತ್ತುತ್ತಾ ತಿರುವಳ್ಳುವರ್ ಅವರ ಎರಡು ಸಾಲಿನ ಪದ್ಯ, ಒಂದು ಕುರಳ್ ಹೇಳಿದರು. ಮಾವ ಬಿಡುತ್ತಾರೆಯೇ, ಒಂದು ತ್ರಿಪದಿ ಹೇಳಿದರು. ಇಬ್ಬರಿಗೂ ಇನ್ನೊಬ್ಬರದು ಪೂರ್ತಿ ಅರ್ಥವಾದ ಹಾಗಿರಲಿಲ್ಲ. ಎಳನೀರಿನ ದುಡ್ಡು ಮಾತ್ರ ಪೂರ್ತಿ ತಗೊಂಡರು.

ಶುಕ್ರವಾರ: ಮಲ್ಲೇಶ್ವರ

ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂತ ಮರಗಳ ಹೆಸರಿಟ್ಟುಕೊಂಡ ಬಡಾವಣೆ. ಮನೆಗಳ ಹಿತ್ತಿಲ ಹಿಂದೆ ಹಾದುಹೋಗುವ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು ಇಲ್ಲಿನ ಹಳೆಯ ವ್ಯವಸ್ಥೆ. ಒಳಚರಂಡಿ ಬರುವ ಮುಂಚೆ ಮಲ ಹೊರುವವರು ಓಡಾಡಬೇಕಿದ್ದ ದಾರಿಗಳು. ಆಮೇಲೆ ಕಸಕ್ಕೂ ಬೈಕಿಗೂ ಬಿಟ್ಟುಕೊಟ್ಟದ್ದಾಯಿತು. ಈಚೆಗೆ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು, ನಡೆಯುವ ಹಾಗೆ ಮಾಡಿದ್ದಾರೆ. ಚಿತ್ರಗಳಲ್ಲಿ ಹೂವು, ಹಕ್ಕಿ, ಹಳೇ ಮನೆ ಎಲ್ಲ ಇವೆ. ಈ ದಾರಿಯಲ್ಲಿ ಯಾರು ಏನು ಹೊತ್ತು ನಡೆದರು ಅನ್ನುವ ಚಿತ್ರ ನನಗೆಲ್ಲೂ ಕಾಣಲಿಲ್ಲ. ಒಂದಾದರೂ ಇರಬೇಕಿತ್ತು.

ಗೋಡೆ ಚಿತ್ರಗಳ ವಿಷಯದಲ್ಲಿ ಮಾವನಿಗೆ ಒಂದು ಮಮತೆ ಇದೆ. ಹುಡುಗನಾಗಿದ್ದಾಗ ಸಿನಿಮಾ ಬ್ಯಾನರ್ ಬರೆಯುವವರ ಹತ್ತಿರ ಬಣ್ಣ ಕಲಸಿದವರು ಅವರು. ಫ್ಲೆಕ್ಸ್ ಬಂದು ಆ ಕಸುಬು ಮುಗಿಯಿತು. 2009ರ ಸುಮಾರಿಗೆ ಬೆಂಗಳೂರಿನ ಗೋಡೆಗಳಿಗೆ ಪೋಸ್ಟರ್ ಅಂಟಿಸುವುದನ್ನು ತಪ್ಪಿಸಲು ಪಾಲಿಕೆ ಚಿತ್ರ ಬರೆಸಿದಾಗ, ಅಂಥ ಎಷ್ಟೋ ಕಲಾವಿದರಿಗೆ ಮತ್ತೆ ಕುಂಚ ಹಿಡಿಯುವ ಅವಕಾಶ ಸಿಕ್ಕಿತು. ಹಂಪಿಯ ರಥ, ಹುಲಿ, ಜಲಪಾತ, ಯಕ್ಷಗಾನ. ಕಲೆ ಗೊತ್ತಿದ್ದವರು ಆಗ ಮೂಗು ಮುರಿದರು, ಕ್ಯಾಲೆಂಡರ್ ಚಿತ್ರ ಎಂದರು. ಮಾವ ಕೇಳುವುದು ಬೇರೆ. ನಲವತ್ತು ಅಡಿ ಗೋಡೆಗೆ ಏಣಿ ಹಾಕಿ, ಒಂದು ಪುಟ್ಟ ಫೋಟೋಗೆ ಚೌಕ ಎಳೆದುಕೊಂಡು, ಹುಲಿಯ ಎರಡು ಕಣ್ಣನ್ನು ಒಂದೇ ಮಟ್ಟಕ್ಕೆ ತನ್ನಿ ನೋಡೋಣ!

ಕಲಾವಿದ ಬಾದಲ್ ನಂಜುಂಡಸ್ವಾಮಿಯವರ ಕೆಲಸದ ಬಗ್ಗೆ ಹೇಳಿದಾಗ ಅವರ ಮುಖ ಅರಳಿತು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ತಂದು ಬಿಟ್ಟವರು, 2019ರಲ್ಲಿ ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ಗಗನಯಾತ್ರಿಯನ್ನು ಚಂದ್ರನ ಮೇಲೆ ನಡೆಸಿದ ಹಾಗೆ ವಿಡಿಯೋ ಮಾಡಿಸಿದವರು. ಹೋಗಿ ನೋಡೋಣ ಎಂದರು. ನೋಡಲು ಏನೂ ಇಲ್ಲ, ಗುಂಡಿ ಮುಚ್ಚಿದರೆ ಕಲೆಯೂ ಮುಗಿಯಿತು ಎಂದೆ. "ಗುಂಡಿ ಮುಚ್ಚಿಸಿತಲ್ಲ, ಇನ್ನೇನು ಬೇಕು" ಎಂದರು. ಮುಟ್ಟುವ ಷರತ್ತು ಇಲ್ಲಿ ಸಡಿಲವಾದದ್ದನ್ನು ನಾನು ಎತ್ತಿ ತೋರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಶನಿವಾರ: ಮೇಖ್ರಿ ವೃತ್ತ

ಮಾವನ ರೈಲು ಯಶವಂತಪುರದಿಂದ ಮಧ್ಯಾಹ್ನ. ಬ್ಯಾಗು ಸಮೇತ ಹೊರಟು ಮೇಖ್ರಿ ವೃತ್ತದ ಬಳಿ ಕೆಂಪೇಗೌಡ ಗೋಪುರದ ಪಾರ್ಕಿಗೆ ಹೊಕ್ಕೆವು. ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರ. ಲಾಲ್‌ಬಾಗಿನ ಬಂಡೆಯ ಮೇಲೊಂದು, ಕೆಂಪಾಂಬುಧಿ ಕೆರೆಯ ಬಳಿ ಒಂದು, ಹಲಸೂರಿನಲ್ಲೊಂದು, ಇಲ್ಲೊಂದು. ಬೆಂಗಳೂರು ಇಷ್ಟು ಬೆಳೆಯಲಿ ಅಂತ ಕೆಂಪೇಗೌಡರ ಮನೆತನದವರು ಗಡಿ ಹಾಕಿದ್ದಂತೆ. ಊರು ಯಾವ ಗಡಿಯನ್ನೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಲಾಲ್‌ಬಾಗಿನದನ್ನು ಎಲ್ಲರೂ ನೋಡಿರುತ್ತಾರೆ. ಇದನ್ನು ಬಳ್ಳಾರಿ ರಸ್ತೆಯ ಕಾರಿನೊಳಗಿಂದ ದಾಟಿ ಹೋದವರೇ ಹೆಚ್ಚು.

ಪುಟ್ಟ ಕಲ್ಲು ಮಂಟಪ, ಮೇಲೊಂದು ಗೋಪುರ, ಸುತ್ತ ಮರ. ಮಾವ ಸ್ಕೆಚ್ ಪುಸ್ತಕ ತೆಗೆದರು. ವಾರವೆಲ್ಲ ಚೀಲದಲ್ಲಿದ್ದ ಪುಸ್ತಕ ಹೊರಬಂದದ್ದು ಇಲ್ಲೇ. ಬಿ ಪೆನ್ಸಿಲಿನಲ್ಲಿ ಮೊದಲು ನೆರಳು, ಆಮೇಲೆ ಗೆರೆ. ಎದುರಿಗೆ ವ್ಯಾಯಾಮ ಮಾಡುತ್ತಿದ್ದ ಒಬ್ಬರು ಬಗ್ಗುವುದನ್ನು ಬಿಟ್ಟು ಬಂದು ಹಿಂದೆ ನಿಂತರು. "ಮೇಲ್ಗಡೆ ಸ್ವಲ್ಪ ದಪ್ಪ ಆಯ್ತಾ ಸಾರ್?" ಎಂದರು. ಮಾವ ರಬ್ಬರ್ ತೆಗೆದು ತಿದ್ದಿದರು. ಜನ್ಮದಲ್ಲಿ ಅವರು ಹೀಗೆ ಇನ್ನೊಬ್ಬರ ಮಾತಿಗೆ ತಿದ್ದಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಇದೇ ರಸ್ತೆಯ ಆ ತುದಿಯಲ್ಲಿ, ವಿಮಾನ ನಿಲ್ದಾಣದಲ್ಲಿ, 2022ರ ನವೆಂಬರ್‌ನಲ್ಲಿ ಅನಾವರಣವಾದ 108 ಅಡಿಯ ಕೆಂಪೇಗೌಡ ಪ್ರತಿಮೆ ಇದೆ. ಶಿಲ್ಪಿ ರಾಮ್ ಸುತಾರ್. 98 ಟನ್ ಕಂಚು, 120 ಟನ್ ಉಕ್ಕು. ನಾನು ಬೈಯಲು ಶುರುಮಾಡಿದೆ. ಅಷ್ಟೆತ್ತರದ್ದನ್ನು ಯಾರು ಮುಟ್ಟುತ್ತಾರೆ, ಕಾರಿನಲ್ಲಿ ಹೋಗುವವರು ಸೆಲ್ಫಿ ತೆಗೆದುಕೊಳ್ಳುತ್ತಾರೆ ಅಷ್ಟೇ, ಅದರ ದುಡ್ಡಿನಲ್ಲಿ ಎಷ್ಟು ಬಡಾವಣೆ ಪಾರ್ಕಿಗೆ ಬೆಂಚು ಹಾಕಿಸಬಹುದಿತ್ತು, ಹೀಗೆ. ನನ್ನ ಭಾಷಣಕ್ಕೆ ಮಾವನ ಒಪ್ಪಿಗೆ ಖಂಡಿತ ಅಂದುಕೊಂಡಿದ್ದೆ.

"ಹತ್ತಿರ ಹೋಗಿ ನೋಡಿದೀಯಾ?"

"ಇಲ್ಲ. ದೂರದಿಂದ."

"ನೋಡದೇ ಬೈಯಬಾರದು ಕಣಮ್ಮ. ಅಷ್ಟು ದೊಡ್ಡದರಲ್ಲಿ ತೂಕ ಹೇಗೆ ನಿಲ್ಲಿಸಿದಾರೆ ಅಂತ ನೋಡಬೇಕು. ಪಾದ ನೋಡಿದರೆ ಗೊತ್ತಾಗ್ತದೆ. ಇಲ್ಲಿಂದ ಬಸ್ಸಿದೆಯಾ?"

ವಾಯು ವಜ್ರ ಇದೆ, ಇದೇ ಸ್ಟಾಪಿನಲ್ಲಿ ಸಿಗುತ್ತದೆ, ಆದರೆ ಹೋಗಿ ಬರುವ ಹೊತ್ತಿಗೆ ರೈಲು ತಪ್ಪುತ್ತದೆ ಎಂದೆ. ಮಾವ ವಾಚು ನೋಡಿಕೊಂಡರು, ಆಮೇಲೆ ರಸ್ತೆ ನೋಡಿದರು.

"ತಿಪಟೂರಿಗೆ ಸಂಜೆ ಇನ್ನೊಂದು ರೈಲು ಇರಬೇಕಲ್ಲ?"